ಒಂದೇ ಶೀಶೆಯಲ್ಲಿ ಮೂರು ತುಣುಕು: ಕ್ಷಯವೆಂದು ಬರೆದು ಕ್ರೋನ್ಸ್ ಎಂದು ತಿದ್ದಿದ ಒಂದು ಪ್ರಕರಣ

ರೋಗಶಾಸ್ತ್ರಜ್ಞರನ್ನು ಹುಡುಕಿಕೊಂಡು ರೋಗಿಯ ಕಡೆಯವರು ಬರುವುದು ಅಪರೂಪ. ನಮ್ಮ ಬಳಿಗೆ ಬರುವುದು ಶೀಶೆ, ನಮ್ಮಿಂದ ಹೋಗುವುದು ಕಾಗದ. ಹಾಗಾಗಿ ಮೇ ತಿಂಗಳ ಒಂದು ಮಧ್ಯಾಹ್ನ ದಾವಣಗೆರೆಯ ನಮ್ಮ ಪ್ರಯೋಗಾಲಯದ ಕಿಟಕಿಯ ಬಳಿ ಹೆಣ್ಣುಮಗಳೊಬ್ಬರು ನಿಂತು, ಈ ವರದಿಗೆ ಸಹಿ ಹಾಕಿದ ಡಾಕ್ಟರನ್ನೇ ನೋಡಬೇಕು ಎಂದು ಪಟ್ಟು ಹಿಡಿದಾಗ ಒಳಗಿದ್ದವರಿಗೆಲ್ಲ ಆಶ್ಚರ್ಯವಾಯಿತು. ಅವರು ಜಗಳೂರು ತಾಲ್ಲೂಕಿನ ಹಳ್ಳಿಯೊಂದರ ಆಶಾ ಕಾರ್ಯಕರ್ತೆ. ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಚೀಲದಿಂದ ಒಂದೊಂದೇ ಕಾಗದ ತೆಗೆದು, ತಾರೀಕಿನ ಪ್ರಕಾರ ಮೇಜಿನ ಮೇಲೆ ಜೋಡಿಸಿದರು. ಮೂರನೆಯ ಕಾಗದ ನಮ್ಮ ವರದಿ. ಕೆಳಗಿದ್ದ ಸಹಿ ನನ್ನದು.

"ಸಾರ್, ಆರು ತಿಂಗಳು ಟಿಬಿ ಮಾತ್ರೆ ಒಂದು ದಿನವೂ ತಪ್ಪಿಲ್ಲ. ತಮ್ಮನನ್ನು ಊರಿಗೆ ಕರೆದುಕೊಂಡು ಹೋಗಿ, ನಾನೇ ಎದುರು ನಿಂತು ನುಂಗಿಸಿದ್ದೇನೆ. ಈಗ ನೋಡಿದರೆ ಅವನ ಕರುಳು ಕಟ್ಟಿಕೊಂಡು ಆಸ್ಪತ್ರೆಯಲ್ಲಿದ್ದಾನೆ. ಇದು ಟಿಬಿಯೇ ಹೌದೇ?"

ಈ ಬರಹ ಆ ಪ್ರಶ್ನೆಗೆ ಉತ್ತರ ಹುಡುಕಿದ ಕಥೆ. ರೋಗಿ ಮತ್ತು ಅವನ ಅಕ್ಕನ ಒಪ್ಪಿಗೆ ಪಡೆದು, ಗುರುತು ಸಿಗುವ ವಿವರಗಳನ್ನು ಬಿಟ್ಟು ಬರೆಯುತ್ತಿದ್ದೇನೆ. ಕ್ರೋನ್ಸ್‌ನಂಥ ಕರುಳಿನ ಬಹುಕಾಲದ ಉರಿಯೂತ ಕಾಯಿಲೆಯನ್ನು ಬಯಾಪ್ಸಿಯಿಂದ, ಅಂದರೆ ಕಿತ್ತು ತೆಗೆದ ಅಂಗಾಂಶದ ತುಣುಕಿನಿಂದ, ಪತ್ತೆ ಮಾಡುವಾಗ ನಾವು ಎಲ್ಲಿ ಎಡವುತ್ತೇವೆ ಎಂಬುದು ನನಗೆ ಈ ಪ್ರಕರಣದಲ್ಲಿ ತಿಳಿದಷ್ಟು ಸ್ಪಷ್ಟವಾಗಿ ಬೇರೆಲ್ಲೂ ತಿಳಿದಿಲ್ಲ.

ಮೊದಲ ಸುತ್ತು

ಯುವಕನಿಗೆ ಆಗ 24 ವರ್ಷ. ದಾವಣಗೆರೆಯ ಮಂಡಕ್ಕಿ ಭಟ್ಟಿಯೊಂದರಲ್ಲಿ ಐದು ವರ್ಷಗಳಿಂದ ಕೆಲಸ. ನಸುಕಿನಲ್ಲೇ ಒಲೆ ಹೊತ್ತಿಸಿ, ಕಾದ ಮರಳಿಗೆ ಅಕ್ಕಿ ಸುರಿದು, ಅದು ಅರಳಿದ ಕೂಡಲೇ ಜರಡಿಗೆ ಎಳೆಯಬೇಕು. ಮೈಗೆ ಕಾವು, ಕಣ್ಣಿಗೆ ಹೊಗೆ, ರಾತ್ರಿ ಒಂದೇ ಕೋಣೆಯಲ್ಲಿ ನಾಲ್ಕೈದು ಜನರ ನಿದ್ದೆ. ಯುಗಾದಿಯ ಹೊತ್ತಿಗೆ ಹೊಟ್ಟೆಯ ಬಲಭಾಗದಲ್ಲಿ, ಕೆಳಗೆ, ನೋವು ಶುರುವಾಯಿತು. ಉಂಡು ಒಂದು ಗಂಟೆಯಾಗುವಷ್ಟರಲ್ಲಿ ಹೊಟ್ಟೆ ನುಲಿಯುತ್ತಿತ್ತು, ದಿನಕ್ಕೆ ನಾಲ್ಕೈದು ಬಾರಿ ಭೇದಿಯಾಗುತ್ತಿತ್ತು, ಸಂಜೆಯಾದರೆ ಮೈ ಬೆಚ್ಚಗಾಗುತ್ತಿತ್ತು. ಜಂತುಹುಳುವಿಗೆ ಮಾತ್ರೆ, ಆಮಶಂಕೆಗೆ ಮಾತ್ರೆ, ನಿತ್ರಾಣಕ್ಕೆ ಡ್ರಿಪ್ ಎಂದು ತಿಂಗಳುಗಳು ಕಳೆದವು. ಶ್ರಾವಣ ಮುಗಿಯುವಷ್ಟರಲ್ಲಿ ತೂಕ 58 ಕಿಲೋದಿಂದ 47ಕ್ಕೆ ಇಳಿದಿತ್ತು.

ದಸರೆ ಕಳೆದ ಮೇಲೆ ಖಾಸಗಿ ಆಸ್ಪತ್ರೆಯೊಂದರಲ್ಲಿ, ಗುದದ ಮೂಲಕ ನಳಿಕೆ ಹಾಕಿ ದೊಡ್ಡ ಕರುಳನ್ನು ಒಳಗಿಂದ ನೋಡುವ ಕೊಲೊನೋಸ್ಕೋಪಿ ಆಯಿತು. ದೊಡ್ಡ ಕರುಳಿನ ಆರಂಭದ ಚೀಲವಾದ ಸೀಕಂನಲ್ಲಿ ಹುಣ್ಣು ಕಂಡಿತು. ಸಣ್ಣ ಕರುಳು ದೊಡ್ಡ ಕರುಳನ್ನು ಸೇರುವ ಕವಾಟ ಊದಿಕೊಂಡಿದ್ದರಿಂದ ನಳಿಕೆ ಆಚೆಗೆ ಹೋಗಲಿಲ್ಲ. ಹುಣ್ಣಿನಿಂದ ಮೂರು ತುಣುಕು ತೆಗೆದು, ಮೂರನ್ನೂ ಒಂದೇ ಶೀಶೆಗೆ ಹಾಕಿ ನಮಗೆ ಕಳುಹಿಸಿದರು. ಜೊತೆಗೆ ಬಂದ ನಮೂನೆಯಲ್ಲಿ ಇದ್ದದ್ದು ಎರಡೇ ಸಾಲು: ಹೊಟ್ಟೆನೋವು, ತೂಕ ಇಳಿಕೆ, ಟಿಬಿ ಇದೆಯೇ?

ನಾನು ಸ್ಲೈಡ್ ನೋಡಿದೆ. ಗ್ರ್ಯಾನುಲೋಮಾ ಎಂಬ ಕೋಶಗಳ ಗಂಟು ಕಂಡಿತು. "ಗ್ರ್ಯಾನುಲೋಮಾಯುಕ್ತ ದೀರ್ಘಕಾಲದ ಉರಿಯೂತ, ಕ್ಷಯಕ್ಕೆ ಹೊಂದುತ್ತದೆ" ಎಂದು ಬರೆದೆ. ಟಿಬಿ ಬ್ಯಾಕ್ಟೀರಿಯಾವನ್ನು ಹುಡುಕುವ ಜೀಲ್-ನೀಲ್ಸನ್ ಬಣ್ಣದಲ್ಲಿ ಏನೂ ಸಿಗಲಿಲ್ಲವೆಂದೂ ಬರೆದಿದ್ದೆ. ಆದರೆ ಕರುಳಿನ ಕ್ಷಯದಲ್ಲಿ ಆ ಬಣ್ಣಕ್ಕೆ ಬ್ಯಾಕ್ಟೀರಿಯಾ ಸಿಗುವುದೇ ಕಡಿಮೆ ಎಂಬುದು ಎಲ್ಲರಿಗೂ ಗೊತ್ತಿದ್ದರಿಂದ ಆ ಸಾಲಿಗೆ ಯಾರೂ ಬೆಲೆ ಕೊಡಲಿಲ್ಲ. ಟಿಬಿ ಸೋಂಕು ತಗುಲಿದೆಯೇ ಎಂದು ನೋಡುವ ಮ್ಯಾಂಟೂ ಚರ್ಮಪರೀಕ್ಷೆಯಲ್ಲಿ ತೋಳು ಊದಿತ್ತು. ನಮ್ಮ ದೇಶದಲ್ಲಿ ಕಾಯಿಲೆಯಿಲ್ಲದ ಎಷ್ಟೋ ಮಂದಿಗೂ ಅದು ಊದುತ್ತದೆ. ಎದೆಯ ಎಕ್ಸ್-ರೇಯಲ್ಲಿ ಏನೂ ಇರಲಿಲ್ಲ. ಬಡ ಕೂಲಿಯವನು, ಇಕ್ಕಟ್ಟಿನ ಕೋಣೆ, ಸಂಜೆ ಜ್ವರ, ಬಡಕಲು ಮೈ: ಇಷ್ಟು ಕೇಳಿದರೆ ನಮ್ಮ ಸೀಮೆಯ ಯಾವ ವೈದ್ಯರ ಬಾಯಲ್ಲೂ ಮೊದಲು ಬರುವ ಮಾತು ಟಿಬಿಯೇ. ನನ್ನ ಬಾಯಲ್ಲೂ ಅದೇ ಬಂತು, ವರದಿಯಲ್ಲೂ ಅದೇ ಇಳಿಯಿತು.

ಎರಡು ತಿಂಗಳು ನಾಲ್ಕು ಔಷಧ, ಆಮೇಲೆ ನಾಲ್ಕು ತಿಂಗಳು ಮೂರು ಔಷಧ. ಟಿಬಿ ರೋಗಿಗಳಿಗಾಗಿ ಇರುವ ಸರ್ಕಾರದ ನಿಕ್ಷಯ್ ದಾಖಲೆಗೆ ಹೆಸರು ಸೇರಿತು. ಪೋಷಣೆಗೆಂದು ತಿಂಗಳಿಗೆ ಸಾವಿರ ರೂಪಾಯಿ ಖಾತೆಗೆ ಬರುತ್ತಿತ್ತು, ಅಕ್ಕ ಅದರಲ್ಲಿ ಮೊಟ್ಟೆ ಮತ್ತು ಶೇಂಗಾ ತಂದು ಕೊಡುತ್ತಿದ್ದರು. ಎರಡು ತಿಂಗಳಲ್ಲಿ ಜ್ವರ ನಿಂತಿತು, ತೂಕ ಮೂರು ಕಿಲೋ ಏರಿತು. ಎಲ್ಲರೂ ನೆಮ್ಮದಿಯ ಉಸಿರು ಬಿಟ್ಟರು.

ಈ ನೆಮ್ಮದಿಯ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ಕ್ರೋನ್ಸ್ ಕಾಯಿಲೆ ತಾನಾಗಿಯೇ ಏರಿ ಇಳಿಯುತ್ತದೆ. ಟಿಬಿ ಔಷಧ ತೆಗೆದುಕೊಂಡ ಕ್ರೋನ್ಸ್ ರೋಗಿಗಳಲ್ಲೂ ಕೆಲವರಿಗೆ ಮೊದಲ ತಿಂಗಳುಗಳಲ್ಲಿ ಹಸಿವು ಮರಳುವುದುಂಟು, ನೋವು ತಗ್ಗುವುದುಂಟು. ಹಾಗಾಗಿ "ಈಗ ಹೇಗಿದ್ದೀಯಪ್ಪ" ಎಂದು ಕೇಳಿ ಬಂದ ಉತ್ತರದಿಂದ ಯಾವುದೂ ತೀರ್ಮಾನವಾಗುವುದಿಲ್ಲ. ಎರಡು ಮೂರು ತಿಂಗಳಿಗೆ ಮತ್ತೊಮ್ಮೆ ನಳಿಕೆ ಹಾಕಿ ಹುಣ್ಣನ್ನು ಕಣ್ಣಾರೆ ನೋಡಬೇಕು. ಕ್ಷಯದ ಹುಣ್ಣಾದರೆ ಅಷ್ಟರಲ್ಲಿ ಸಾಮಾನ್ಯವಾಗಿ ಮಾಯುತ್ತಾ ಬಂದಿರುತ್ತದೆ. ಕ್ರೋನ್ಸ್ ಹುಣ್ಣು ಬಹುಮಟ್ಟಿಗೆ ಇದ್ದ ಹಾಗೇ ಇರುತ್ತದೆ. ಈ ಯುವಕನಿಗೆ ಆ ಎರಡನೆಯ ನೋಟ ಸಿಗಲಿಲ್ಲ. ಖರ್ಚು ಒಂದು ಕಾರಣ. ಹುಡುಗ ಚೇತರಿಸಿಕೊಳ್ಳುತ್ತಿದ್ದಾನಲ್ಲ ಎಂಬ ಸಮಾಧಾನ ಇನ್ನೊಂದು. ನಾಲ್ಕನೆಯ ತಿಂಗಳಲ್ಲಿ ನೋವು ಮರಳಿತು. ಆರನೆಯ ತಿಂಗಳಲ್ಲಿ ಚಿಕಿತ್ಸೆ ಪೂರ್ಣವಾಯಿತೆಂದು ಮಾತ್ರೆ ನಿಂತವು. ಮೇ ತಿಂಗಳಲ್ಲಿ ಒಂದು ರಾತ್ರಿ ಹೊಟ್ಟೆ ಗಟ್ಟಿಯಾಗಿ ಉಬ್ಬಿ, ಉಂಡದ್ದೆಲ್ಲ ವಾಂತಿಯಾಗಿ, ಆಂಬುಲೆನ್ಸಿನಲ್ಲಿ ದಾವಣಗೆರೆಗೆ ತಂದರು.

ಹಳೆಯ ಸ್ಲೈಡ್

ಅಕ್ಕನನ್ನು ಕೂರಿಸಿ, ನಮೂನೆಯಲ್ಲಿ ಇಲ್ಲದ ಪ್ರಶ್ನೆಗಳನ್ನೆಲ್ಲ ಕೇಳಿದೆ. ಮೈಕೈ ನೋವಿಗೆಂದು ನೋವಿನ ಮಾತ್ರೆಗಳನ್ನು ದಿನಾ ನುಂಗುತ್ತಿದ್ದನೇ? ಅವು ಕೂಡ ಸಣ್ಣ ಕರುಳಿನ ಕೊನೆಯಲ್ಲಿ ಹುಣ್ಣು ಮಾಡುತ್ತವೆ. ಇಲ್ಲ ಎಂದರು. ಬೀಡಿ? ಸೇದುತ್ತಿದ್ದ, ದಿನಕ್ಕೊಂದು ಕಟ್ಟು. ಬಾಯಲ್ಲಿ ಹುಣ್ಣು? ಆಗಾಗ. ಮನೆಯಲ್ಲಿ ಯಾರಿಗಾದರೂ ಟಿಬಿ? ಇಲ್ಲ. ಕೊನೆಗೆ, ಗುದದ ಬಳಿ ಕೀವು, ಕುರು, ಆಪರೇಷನ್ ಏನಾದರೂ? ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಎರಡು ವರ್ಷದ ಹಿಂದೆ ಆಗಿತ್ತು ಸಾರ್. ಭಗಂದರ ಎಂದು ಆಪರೇಷನ್ ಮಾಡಿದ್ದರು. ನಾಚಿಕೆಪಟ್ಟು ಅವನು ಯಾರಿಗೂ ಹೇಳಲಿಲ್ಲ. ನಮಗೂ ಅದಕ್ಕೂ ಇದಕ್ಕೂ ಸಂಬಂಧ ಇದೆ ಎಂದು ಗೊತ್ತಿರಲಿಲ್ಲ."

ಸಂಬಂಧ ಇತ್ತು. ಗುದದ ಪಕ್ಕದ ಭಗಂದರ ಕ್ರೋನ್ಸ್ ಕಾಯಿಲೆಯ ದೊಡ್ಡ ಸುಳಿವು. ಕರುಳಿನ ತೊಂದರೆ ಕಾಣುವುದಕ್ಕೆ ವರ್ಷಗಳ ಮುಂಚೆಯೇ ಅದು ಕಾಣಿಸಿಕೊಳ್ಳಬಹುದು. ಕ್ಷಯದಲ್ಲೂ ಭಗಂದರ ಆಗುತ್ತದೆ, ಆದರೆ ಅಷ್ಟು ಸಾಮಾನ್ಯವಲ್ಲ. ಆಪರೇಷನ್ನಿನಲ್ಲಿ ಕತ್ತರಿಸಿದ ಅಂಗಾಂಶವನ್ನು ಯಾವ ಪ್ರಯೋಗಾಲಯಕ್ಕೂ ಕಳುಹಿಸಿರಲಿಲ್ಲ. ಕಳುಹಿಸಿದ್ದರೆ ಈ ಯುವಕನ ಎರಡು ವರ್ಷ ಉಳಿಯುತ್ತಿತ್ತೇನೋ ಎಂದು ಇಂದಿಗೂ ನನಗೆ ಅನಿಸುತ್ತದೆ.

ಅಂದು ಸಂಜೆ ದಾಸ್ತಾನಿನಿಂದ ಹಳೆಯ ಸ್ಲೈಡನ್ನೂ ಮೇಣದ ಬ್ಲಾಕನ್ನೂ ತೆಗೆಸಿದೆ.

ಓದುಗರಿಗೆ ಇಲ್ಲಿ ಒಂದು ವಿಷಯ ತಿಳಿದಿರಬೇಕು. ಕೊಲೊನೋಸ್ಕೋಪಿಯ ಚಿಮಟ ಕಿತ್ತು ತರುವ ತುಣುಕು ಎರಡು ಮೂರು ಮಿಲಿಮೀಟರ್, ಅಂದರೆ ನುಚ್ಚಕ್ಕಿಯಷ್ಟು. ಅದರಲ್ಲಿ ಇರುವುದು ಕರುಳಿನ ಒಳಪದರವಾದ ಲೋಳೆಪೊರೆ, ಅದೃಷ್ಟವಿದ್ದರೆ ಅದರ ಕೆಳಗಿನ ಪದರದ ಚೂರು. ಕ್ರೋನ್ಸ್ ಕಾಯಿಲೆ ಕರುಳಿನ ಗೋಡೆಯ ಪೂರ್ತಿ ದಪ್ಪಕ್ಕೂ ಇಳಿಯುವಂಥದ್ದು, ಆದರೆ ನಮ್ಮ ಕೈಗೆ ಬರುವುದು ಗೋಡೆಯ ಸುಣ್ಣ ಮಾತ್ರ. ಆ ನುಚ್ಚನ್ನು ಫಾರ್ಮಲಿನ್‌ನಲ್ಲಿ ಗಟ್ಟಿ ಮಾಡಿ, ಮೇಣದಲ್ಲಿ ಕೂರಿಸಿ, ಮೈಕ್ರೋಟೋಮಿನಲ್ಲಿ ಮಿಲಿಮೀಟರಿನ ಇನ್ನೂರೈವತ್ತನೆಯ ಒಂದು ಭಾಗದಷ್ಟು ತೆಳ್ಳಗೆ ಹೆರೆದು, ಗಾಜಿನ ಮೇಲೆ ಹಾಸಿ ಬಣ್ಣ ಹಾಕುತ್ತೇವೆ. ಮೇಣದಲ್ಲಿ ತುಣುಕನ್ನು ಅಂಚಿನ ಮೇಲೆ ನಿಲ್ಲಿಸಿದರೆ ಗ್ರಂಥಿಗಳು ಉದ್ದಕ್ಕೆ ಕಾಣುತ್ತವೆ. ಮಗುಚಿಬಿದ್ದರೆ ಅಡ್ಡ ಕತ್ತರಿಸಿದ ಬಳೆಗಳಂತೆ ಬರೀ ವೃತ್ತಗಳು. ಆ ವೃತ್ತಗಳನ್ನು ನೋಡಿ ಗ್ರಂಥಿ ನೆಟ್ಟಗಿದೆಯೇ ಸೊಟ್ಟಗಿದೆಯೇ ಎಂದು ಯಾರೂ ಹೇಳಲಾರರು.

ನನ್ನ ಹಳೆಯ ಸ್ಲೈಡಿನಲ್ಲಿ ಮೂರು ತುಣುಕುಗಳ ಪೈಕಿ ಒಂದು ಹುಣ್ಣಿನ ತಳದ ಸತ್ತ ಪದರ, ಅದರಲ್ಲಿ ಓದುವುದಕ್ಕೆ ಏನೂ ಇಲ್ಲ. ಇನ್ನೊಂದು ಮಗುಚಿಬಿದ್ದಿತ್ತು. ಉಳಿದ ಒಂದೇ ತುಣುಕಿನ ಮೇಲೆ ನಾನು ಆ ವಾಕ್ಯ ಬರೆದಿದ್ದೆ. ಅದರಲ್ಲಿ ಗ್ರ್ಯಾನುಲೋಮಾ ಇದ್ದದ್ದು ನಿಜ: ಎರಡು, ಬಿಡಿಬಿಡಿಯಾಗಿ.

ಗ್ರ್ಯಾನುಲೋಮಾ ಎಂದರೆ ದೇಹದ ಕಾವಲು ಕೋಶಗಳು ಒತ್ತೊತ್ತಾಗಿ ಸೇರಿ ಕಟ್ಟಿದ ಪುಟ್ಟ ಗಂಟು. ಕ್ಷಯದಲ್ಲೂ ಕಾಣುತ್ತದೆ, ಕ್ರೋನ್ಸ್‌ನಲ್ಲೂ ಕಾಣುತ್ತದೆ. ವ್ಯತ್ಯಾಸವಿರುವುದು ಅದರ ಗಾತ್ರ, ಸಂಖ್ಯೆ ಮತ್ತು ಜಾಗದಲ್ಲಿ. ಈ ವ್ಯತ್ಯಾಸವನ್ನು ಕ್ರಮವಾಗಿ ಬಿಡಿಸಿ ತೋರಿಸಿದವರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನವರು ಮುಖ್ಯರು. 1999ರಲ್ಲಿ 'ಗಟ್' ಪತ್ರಿಕೆಯಲ್ಲಿ ಬಂದ ಅವರ ಅಧ್ಯಯನವನ್ನು ನಾನು ವಿದ್ಯಾರ್ಥಿಯಾಗಿದ್ದಾಗಲೇ ಓದಿದ್ದೆ. ಕ್ಷಯದ ಗ್ರ್ಯಾನುಲೋಮಾಗಳು ದೊಡ್ಡವು, ಹಲವು, ಒಂದಕ್ಕೊಂದು ಬೆಸೆದುಕೊಂಡವು. ಕೆಲವೊಮ್ಮೆ ಅವುಗಳ ನಡುಭಾಗ ಒಡೆದ ಹಾಲಿನ ಗಿಣ್ಣಿನಂತೆ ಸತ್ತಿರುತ್ತದೆ. ಹುಣ್ಣಿನ ಅಂಚಿನುದ್ದಕ್ಕೂ ಅದೇ ಕೋಶಗಳು ಪಟ್ಟಿಯಂತೆ ಸಾಲುಗಟ್ಟಿರುತ್ತವೆ. ಕ್ರೋನ್ಸ್‌ನವು ಸಣ್ಣವು, ಸಡಿಲವಾದವು, ಒಂದೋ ಎರಡೋ. ಹುಡುಕಿದರೂ ಸಿಗದ ಕ್ರೋನ್ಸ್ ಬಯಾಪ್ಸಿಗಳು ಎಷ್ಟೋ. ಈ ಯುವಕನ ಎರಡು ಗಂಟುಗಳನ್ನು ಅಳೆದೆ. ಎರಡೂ 150 ಮೈಕ್ರಾನ್ ದಾಟಲಿಲ್ಲ (ಮಿಲಿಮೀಟರಿನ ಸಾವಿರದ ಒಂದು ಭಾಗ ಒಂದು ಮೈಕ್ರಾನ್). ನಡುಭಾಗ ಸತ್ತಿರಲಿಲ್ಲ. ಅಂಚಿನಲ್ಲಿ ಪಟ್ಟಿ ಇರಲಿಲ್ಲ. ಓದಿದ್ದೆಲ್ಲ ನನಗೆ ನೆನಪಿತ್ತು, ಆದರೆ ಅಳತೆಯ ಗೆರೆಯನ್ನು ಅಂದು ನಾನು ಆ ಗಂಟಿನ ಮೇಲೆ ಇಟ್ಟೇ ಇರಲಿಲ್ಲ. ನಮೂನೆ ಕೇಳಿದ ಪ್ರಶ್ನೆ ಟಿಬಿ ಇದೆಯೇ ಎಂಬುದೊಂದೇ. ಗ್ರ್ಯಾನುಲೋಮಾ ಕಂಡ ಕೂಡಲೇ ಉತ್ತರ ಸಿಕ್ಕಿತೆಂದು ನನ್ನ ಕಣ್ಣು ಹುಡುಕುವುದನ್ನು ನಿಲ್ಲಿಸಿತ್ತು.

ಈ ಗೊಂದಲ ಹೊಸದಲ್ಲ. 1913ರಲ್ಲಿ ಗ್ಲಾಸ್ಗೋದ ಶಸ್ತ್ರಚಿಕಿತ್ಸಕ ಕೆನೆಡಿ ಡಾಲ್ಜೀಲ್ ಈ ಕಾಯಿಲೆಯನ್ನು ವಿವರಿಸಿದಾಗ ಅವರ ಎದುರಿಗೆ ಇದ್ದದ್ದೂ ಇದೇ ಒಗಟು: ನೋಡಿದರೆ ಕರುಳಿನ ಕ್ಷಯದಂತಿದೆ, ಬ್ಯಾಕ್ಟೀರಿಯಾ ಮಾತ್ರ ಸಿಗುತ್ತಿಲ್ಲ. ದನಗಳಲ್ಲಿ ಭೇದಿ ತರುವ ಜೋನ್ಸ್ ಕಾಯಿಲೆಯನ್ನು ಇದು ಹೋಲುತ್ತದೆ ಎಂದೂ ಅವರು ಗುರುತಿಸಿದ್ದರು. ಆಮೇಲೆ 1932ರಲ್ಲಿ ನ್ಯೂಯಾರ್ಕಿನಲ್ಲಿ ಕ್ರೋನ್, ಗಿನ್ಸ್‌ಬರ್ಗ್ ಮತ್ತು ಒಪನ್‌ಹೈಮರ್ ಹದಿನಾಲ್ಕು ರೋಗಿಗಳ ವಿವರ ಪ್ರಕಟಿಸಿದರು, ಹೆಸರು ಕ್ರೋನ್ ಅವರದೇ ಉಳಿಯಿತು. ಕ್ಷಯ ವಿರಳವಾಗಿರುವ ಊರುಗಳಲ್ಲಿ ಈ ಒಗಟು ಇಂದು ಪುಸ್ತಕದೊಳಗಿನ ವಿಷಯ. ನಮ್ಮಲ್ಲಿ ಅದು ವಾರಕ್ಕೊಮ್ಮೆ ಮೇಜಿಗೆ ಬರುತ್ತದೆ. ಎರಡೂ ಕಡೆ ತಪ್ಪಿಗೆ ಬೆಲೆಯಿದೆ. ಕ್ರೋನ್ಸ್ ರೋಗಿಗೆ ಟಿಬಿ ಔಷಧ ಕೊಟ್ಟರೆ ಆರು ತಿಂಗಳು ಹೋಗುತ್ತದೆ, ಅಷ್ಟರಲ್ಲಿ ಕರುಳು ಕಿರಿದಾಗುತ್ತದೆ. ಕ್ಷಯ ರೋಗಿಗೆ ಕ್ರೋನ್ಸ್ ಎಂದು ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುವ ಸ್ಟೀರಾಯ್ಡ್ ಅಥವಾ ಇನ್‌ಫ್ಲಿಕ್ಸಿಮ್ಯಾಬ್ ಕೊಟ್ಟರೆ ಕ್ಷಯ ಮೈಯೆಲ್ಲ ಹಬ್ಬಿ ಜೀವಕ್ಕೇ ಕುತ್ತು. ಸಂದೇಹವಿದ್ದಾಗ ನಮ್ಮ ವೈದ್ಯರು ಟಿಬಿ ಔಷಧದ ಕಡೆಗೆ ವಾಲುವುದು ಈ ಭಯದಿಂದ. ಅದನ್ನು ನಾನು ತಪ್ಪೆನ್ನುವುದಿಲ್ಲ. ಆದರೆ ವಾಲಿದ ಮೇಲೆ ಎರಡನೆಯ ಬಾರಿ ನೋಡದೆ ಬಿಡುವುದು ತಪ್ಪು. ಸಂದೇಹವಿದ್ದಲ್ಲಿ ಸಂದೇಹವನ್ನೇ ಬರೆಯದೆ ನಾನು "ಕ್ಷಯಕ್ಕೆ ಹೊಂದುತ್ತದೆ" ಎಂದು ಬರೆದದ್ದೂ ತಪ್ಪು.

ಎಂಟು ಶೀಶೆಗಳು

ಮರುದಿನ ಜಠರ-ಕರುಳಿನ ತಜ್ಞರಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅಷ್ಟರಲ್ಲಿ ಅವರು ಕರುಳಿನ ಸಿ.ಟಿ. ಮಾಡಿಸಿದ್ದರು: ಸಣ್ಣ ಕರುಳಿನ ಕೊನೆಯ ಭಾಗವಾದ ಇಲಿಯಂ ಗೇಣುದ್ದಕ್ಕೂ ದಪ್ಪಗಾಗಿದೆ, ಅದರ ರಕ್ತನಾಳಗಳು ಬಾಚಣಿಗೆಯ ಹಲ್ಲಿನಂತೆ ಎದ್ದು ಕಾಣುತ್ತಿವೆ, ನಡುವೆ ಚೆನ್ನಾಗಿರುವ ಕರುಳು, ಅದರಾಚೆ ಮತ್ತೊಂದು ದಪ್ಪಗಾದ ತುಂಡು. ಕಟ್ಟಿಕೊಂಡ ಕರುಳು ಡ್ರಿಪ್ಪಿನಲ್ಲೇ ಸಡಿಲವಾಗಿತ್ತು. ಮತ್ತೆ ಕೊಲೊನೋಸ್ಕೋಪಿ ಮಾಡುವುದೆಂದಾಯಿತು. ಈ ಸಲ ಶೀಶೆ, ದ್ರವ, ಚೀಟಿ ಎಲ್ಲವನ್ನೂ ಮೊದಲೇ ಮಾತಾಡಿಕೊಂಡೆವು.

ಯುರೋಪಿನ ತಜ್ಞರ ಮಾರ್ಗಸೂಚಿ ಕೇಳುವುದು ಇಷ್ಟು: ಇಲಿಯಂ ಮತ್ತು ಗುದನಾಳ ಸೇರಿದಂತೆ ಕನಿಷ್ಠ ಐದು ಜಾಗ, ಪ್ರತಿ ಜಾಗದಿಂದ ಕನಿಷ್ಠ ಎರಡು ತುಣುಕು, ಪ್ರತಿ ಜಾಗಕ್ಕೂ ಬೇರೆ ಶೀಶೆ. ಕಣ್ಣಿಗೆ ಚೆನ್ನಾಗಿ ಕಾಣುವ ಜಾಗದಿಂದಲೂ ತೆಗೆಯಬೇಕು. ಈ ಕೊನೆಯ ಮಾತನ್ನು ಒಪ್ಪಿಸುವುದೇ ಕಷ್ಟ. ಚೆನ್ನಾಗಿರುವುದನ್ನು ಯಾಕೆ ಕೀಳಬೇಕು ಎಂದು ಎಲ್ಲರೂ ಕೇಳುತ್ತಾರೆ. ಕಾರಣ ಇದು: ಕರುಳಿನ ಉರಿಯೂತ ಕಾಯಿಲೆಯ ಇನ್ನೊಂದು ಬಗೆಯಾದ ಅಲ್ಸರೇಟಿವ್ ಕೊಲೈಟಿಸ್ ಗುದನಾಳದಿಂದ ಶುರುವಾಗಿ ಎಡೆಬಿಡದೆ ಮೇಲಕ್ಕೆ ಹಬ್ಬುತ್ತದೆ. ಕ್ರೋನ್ಸ್ ಅಲ್ಲಲ್ಲಿ ನೆಗೆದು ನೆಗೆದು ಕೂರುತ್ತದೆ. ಹಬ್ಬಿದೆಯೋ ನೆಗೆದಿದೆಯೋ ಎಂದು ಹೇಳಬೇಕಾದರೆ ಕಾಯಿಲೆಯಿಲ್ಲದ ಜಾಗದ ಸಾಕ್ಷಿಯೂ ಬೇಕು. ಮೂರು ತುಣುಕನ್ನು ಒಂದೇ ಶೀಶೆಗೆ ಸುರಿದರೆ ಆ ಸಾಕ್ಷಿ ಅಲ್ಲೇ ಕದಡಿಹೋಗುತ್ತದೆ.

ನಾವು ಗೊತ್ತು ಮಾಡಿಕೊಂಡದ್ದು ಎಂಟು ಶೀಶೆ. ಎಂಟನೆಯ ಶೀಶೆಯ ಮಾತು ಬೇರೆ. ಮೊದಲ ಏಳರಲ್ಲಿ ಹತ್ತು ಶೇಕಡಾ ಫಾರ್ಮಲಿನ್, ಎಂಟನೆಯದರಲ್ಲಿ ಬರೀ ಶುದ್ಧ ಸಲೈನ್. ಫಾರ್ಮಲಿನ್ ಅಂಗಾಂಶದ ರೂಪವನ್ನು ಹಾಗೇ ಹಿಡಿದಿಡುತ್ತದೆ, ಆದರೆ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. ಅದರಲ್ಲಿ ಮುಳುಗಿದ ತುಣುಕಿನಿಂದ ಟಿಬಿ ಕಲ್ಚರ್ ಮಾಡಲಾಗದು, ಅಂದರೆ ಬ್ಯಾಕ್ಟೀರಿಯಾವನ್ನು ಪ್ರಯೋಗಾಲಯದಲ್ಲಿ ಬೆಳೆಸಿ ನೋಡಲಾಗದು. ಸಲೈನ್‌ನಲ್ಲಿ ಬ್ಯಾಕ್ಟೀರಿಯಾ ಬದುಕಿರುತ್ತದೆ, ಆದರೆ ಅಂಗಾಂಶ ಗಂಟೆಗಳಲ್ಲಿ ಕೊಳೆಯತೊಡಗುತ್ತದೆ. ಎರಡು ಪ್ರಶ್ನೆಗೆ ಎರಡು ದ್ರವ. ತಾಲ್ಲೂಕು ಊರುಗಳಿಂದ ಬಸ್ಸಿನಲ್ಲಿ ಬರುವ ಬಯಾಪ್ಸಿಗಳಲ್ಲಿ ಈ ಅದಲುಬದಲು ನಾನು ಎಷ್ಟೋ ಸಲ ನೋಡಿದ್ದೇನೆ. ಫಾರ್ಮಲಿನ್ ಮುಗಿದಿದೆಯೆಂದು ಸಲೈನ್‌ನಲ್ಲಿ ಹಾಕಿ ಕಳುಹಿಸಿದ ತುಣುಕು ಕೈಗೆ ಸಿಗುವಾಗ ಗಂಜಿಯಾಗಿರುತ್ತದೆ.

ಏಳು ಶೀಶೆಗಳನ್ನು ನಮ್ಮ ತಂತ್ರಜ್ಞರು ಇಲಿಯಂನಿಂದ ಗುದನಾಳದವರೆಗೆ ಕ್ರಮವಾಗಿ ಸಾಲಾಗಿಟ್ಟರು. ಪ್ರತಿ ತುಣುಕಿಗೂ ಇಯೋಸಿನ್ ಬಣ್ಣದ ಹನಿ ಬಿಟ್ಟರು, ಮೇಣದಲ್ಲಿ ಆ ಗುಲಾಬಿ ಚುಕ್ಕೆ ಇಲ್ಲದಿದ್ದರೆ ನುಚ್ಚು ಎಲ್ಲಿದೆ ಎಂದೇ ತಿಳಿಯುವುದಿಲ್ಲ. ಆಮೇಲೆ ಬೆಚ್ಚಗಿನ ಚಿಮಟದಲ್ಲಿ ಒಂದೊಂದನ್ನೇ ಹಿಡಿದು, ಲೆನ್ಸಿನ ಕೆಳಗೆ ನೋಡುತ್ತಾ ಅಂಚಿನ ಮೇಲೆ ನಿಲ್ಲಿಸಿದರು. ಹದಿನೈದು ತುಣುಕುಗಳಿಗೆ ಮುಕ್ಕಾಲು ಗಂಟೆ ಹಿಡಿಯಿತು. ಪ್ರತಿ ಬ್ಲಾಕನ್ನೂ ಹಲವು ಆಳಗಳಲ್ಲಿ ಹೆರೆದೆವು, ಗ್ರ್ಯಾನುಲೋಮಾ ಒಂದು ಆಳದಲ್ಲಿದ್ದು ಮುಂದಿನ ಆಳದಲ್ಲಿ ಮಾಯವಾಗಿರುತ್ತದೆ.

ಆರೋಗ್ಯವಂತ ದೊಡ್ಡ ಕರುಳಿನ ಲೋಳೆಪೊರೆ ನಮ್ಮ ಜಿಲ್ಲೆಯ ಮೆಕ್ಕೆಜೋಳದ ಹೊಲದಂತೆ ಕಾಣುತ್ತದೆ. ಗ್ರಂಥಿಗಳು ಒಂದೇ ಎತ್ತರ, ಒಂದೇ ಅಂತರ, ಎಲ್ಲದರ ಬುಡ ನೆಲ ಮುಟ್ಟಿರುತ್ತದೆ. ನಾಲ್ಕು ದಿನದ ಆಮಶಂಕೆಯಲ್ಲಿ ಹುಳು ಹತ್ತಿದರೂ ಸಾಲು ಕೆಡುವುದಿಲ್ಲ. ತಿಂಗಳುಗಟ್ಟಲೆ ಉರಿಯೂತವಿದ್ದ ಕಡೆ ಸಾಲೇ ಕೆಟ್ಟಿರುತ್ತದೆ: ಒಂದು ಗ್ರಂಥಿ ಕವಲೊಡೆದಿರುತ್ತದೆ, ಇನ್ನೊಂದು ಮೋಟಾಗಿ ನೆಲದಿಂದ ಮೇಲೆಯೇ ನಿಂತಿರುತ್ತದೆ, ನಡುವೆ ಬರಿ ನೆಲ. ಬುಡದಲ್ಲಿ ಪ್ಲಾಸ್ಮಾ ಕೋಶಗಳು ಜಮೆಯಾಗಿರುತ್ತವೆ. ಕಾಯಿಲೆ ಇಂದಿನದೋ ಬಹುಕಾಲದ್ದೋ ಎಂಬುದನ್ನು ಬಯಾಪ್ಸಿ ಹೇಳುವುದು ಹೀಗೆ. ನನ್ನ ಮಟ್ಟಿಗೆ ಗ್ರ್ಯಾನುಲೋಮಾಕ್ಕಿಂತ ಮೊದಲು ನೋಡಬೇಕಾದ್ದು ಈ ಸಾಲು.

ಇಲಿಯಂನ ತುಣುಕಿನಲ್ಲಿ ಬೆರಳುಗಳಂತೆ ನಿಲ್ಲಬೇಕಾದ ವಿಲ್ಲೈಗಳು ಮೊಂಡಾಗಿದ್ದವು, ಅವುಗಳ ಬುಡದಲ್ಲಿ ಜಠರದಲ್ಲಿ ಇರಬೇಕಾದ ಪೈಲೋರಿಕ್ ಗ್ರಂಥಿಗಳು ಬೆಳೆದಿದ್ದವು. ಬಹುಕಾಲ ಗಾಯಗೊಂಡ ಇಲಿಯಂ ತನ್ನ ಗಾಯವನ್ನು ಮುಚ್ಚಿಕೊಳ್ಳುವ ಬಗೆ ಅದು. ಸೀಕಂನಲ್ಲಿ ಸಾಲು ಪೂರ್ತಿ ಕೆಟ್ಟಿತ್ತು. ಅದರ ಮುಂದಿನ ಏರುವ ಭಾಗ ಬಹುತೇಕ ಸರಿಯಾಗಿತ್ತು. ಅಡ್ಡ ಭಾಗ ಕಣ್ಣಿಗೆ ಚೆನ್ನಾಗಿ ಕಂಡಿದ್ದ ಜಾಗ, ಆದರೆ ಅಲ್ಲಿನ ಒಂದು ತುಣುಕಿನಲ್ಲಿ ಒಂದೇ ಒಂದು ಗ್ರಂಥಿಯ ಗೋಡೆಗೆ ಬಿಳಿ ರಕ್ತಕಣಗಳು ನುಗ್ಗಿದ್ದವು, ಪಕ್ಕದ ಗ್ರಂಥಿಗೆ ಸುದ್ದಿಯೇ ಇರಲಿಲ್ಲ. ಇಳಿಯುವ ಭಾಗದ ಪುಟ್ಟ ಹುಣ್ಣಿನ ಪಕ್ಕ, ನಾಲ್ಕನೆಯ ಆಳದಲ್ಲಿ, ಗ್ರ್ಯಾನುಲೋಮಾ ಸಿಕ್ಕಿತು: ಒಂದೇ ಒಂದು, 120 ಮೈಕ್ರಾನ್, ಸಡಿಲ. ಒಡೆದ ಗ್ರಂಥಿಯ ಲೋಳೆ ಸೋರಿದರೂ ಇಂಥ ಗಂಟು ಕಟ್ಟುತ್ತದೆ, ಅಲ್ಸರೇಟಿವ್ ಕೊಲೈಟಿಸ್‌ನಲ್ಲೂ ಅದು ಕಾಣುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಬಾರದು. ಹಾಗಾಗಿ ಹಿಂದುಮುಂದಿನ ಆಳಗಳನ್ನೆಲ್ಲ ನೋಡಿದೆ. ಹತ್ತಿರದಲ್ಲಿ ಒಡೆದ ಗ್ರಂಥಿ ಇರಲಿಲ್ಲ. ಗುದನಾಳದ ಸಾಲು ನೆಟ್ಟಗಿತ್ತು.

ಅಮೀಬಾ ಹುಡುಕಿದೆವು, ಇರಲಿಲ್ಲ. ಸೈಟೊಮೆಗಾಲೊ ವೈರಸ್ ಸೋಂಕಿನ ಗುರುತುಗಳೂ ಇರಲಿಲ್ಲ. ಜೀಲ್-ನೀಲ್ಸನ್ ಬಣ್ಣದಲ್ಲಿ ಏನೂ ಇಲ್ಲ. ಸಲೈನ್ ಶೀಶೆಯ ತುಣುಕಿನಲ್ಲಿ ಟಿಬಿ ಬ್ಯಾಕ್ಟೀರಿಯಾದ ಡಿಎನ್ಎ ಹುಡುಕುವ ಜೀನ್ ಎಕ್ಸ್‌ಪರ್ಟ್ ಪರೀಕ್ಷೆಯಲ್ಲೂ ಟಿಬಿ ಸಿಗಲಿಲ್ಲ. ಕರುಳಿನ ಅಂಗಾಂಶದಲ್ಲಿ ಆ ಪರೀಕ್ಷೆ ಸಿಕ್ಕಿದೆ ಎಂದರೆ ನಂಬಬಹುದು, ಸಿಗಲಿಲ್ಲ ಎಂದರೆ ಅಷ್ಟರಿಂದ ನೆಮ್ಮದಿಪಡುವಂತಿಲ್ಲ. ಉಳಿದದ್ದು ಕಲ್ಚರ್.

ಆರು ವಾರ

ದ್ರವ ಮಾಧ್ಯಮದಲ್ಲಿ ಟಿಬಿ ಬೆಳೆಯಲಿಲ್ಲ ಎಂದು ಹೇಳಬೇಕಾದರೆ 42 ದಿನ ಕಾಯಬೇಕು. ಈ ಕಾಯುವಿಕೆಯ ಬಗ್ಗೆ ನಮ್ಮಲ್ಲಿ ಚರ್ಚೆಯಾಯಿತು. ಆರು ತಿಂಗಳು ಪೂರ್ತಿ ಔಷಧ ತಿಂದಿದ್ದಾನೆ, ಹುಣ್ಣು ಮಾಯ್ದಿಲ್ಲ, ಇನ್ನೇನು ಸಾಕ್ಷಿ ಬೇಕು ಎಂದು ಒಬ್ಬರು. ಔಷಧಕ್ಕೆ ಬಗ್ಗದ ಟಿಬಿಯಾಗಿದ್ದರೆ ಎಂದು ಇನ್ನೊಬ್ಬರು. ಇಲ್ಲಿ ಅಕ್ಕನ ಮಾತಿಗೆ ತೂಕ ಬಂತು. ಬೇರೆ ರೋಗಿಯಾಗಿದ್ದರೆ ಮಾತ್ರೆ ಸರಿಯಾಗಿ ತಿಂದನೋ ಇಲ್ಲವೋ ಎಂಬಲ್ಲೇ ಚರ್ಚೆ ನಿಲ್ಲುತ್ತಿತ್ತು. ಅವರು ಖಾಲಿ ಮಾತ್ರೆ ಪಟ್ಟಿಗಳನ್ನೂ ಜೋಪಾನವಾಗಿ ಇಟ್ಟಿದ್ದರು, ಪ್ರತಿಯೊಂದರ ಬೆನ್ನಿಗೂ ತಾರೀಕು ಬರೆದಿತ್ತು. ಅಷ್ಟು ಗಟ್ಟಿಯಾದ ದಾಖಲೆ ನಮ್ಮ ಕಡತದಲ್ಲಿ ಇನ್ನೊಂದು ಇರಲಿಲ್ಲ.

ತಜ್ಞರು ನಡುದಾರಿ ಹಿಡಿದರು. ಕರುಳಿಗೆ ಭಾರವಾಗದಂತೆ ಪೌಷ್ಟಿಕ ದ್ರವಾಹಾರ ಮಾತ್ರ ಕೊಟ್ಟು ಆರು ವಾರ ಕಾದರು, ಸ್ಟೀರಾಯ್ಡ್ ಮುಟ್ಟಲಿಲ್ಲ. ರೊಟ್ಟಿ ಮುದ್ದೆಯಿಲ್ಲದೆ ಆರು ವಾರ ಕಳೆದ ಆ ಹುಡುಗನ ತಾಳ್ಮೆ ದೊಡ್ಡದು. ಕಲ್ಚರ್ ಬೆಳೆಯಲಿಲ್ಲ. ಎಲ್ಲರೂ ಒಟ್ಟಿಗೆ ಕೂತು, ಭಗಂದರ, ಸಿ.ಟಿ., ನಳಿಕೆಯ ನೋಟ, ಏಳು ಶೀಶೆ, ಎಂಟನೆಯ ಶೀಶೆ, ಖಾಲಿ ಮಾತ್ರೆ ಪಟ್ಟಿ ಇಷ್ಟನ್ನೂ ಮುಂದಿಟ್ಟುಕೊಂಡು ಕ್ರೋನ್ಸ್ ಕಾಯಿಲೆ ಎಂದು ತೀರ್ಮಾನಿಸಿದೆವು. ಸ್ಟೀರಾಯ್ಡ್ ಕೊಟ್ಟು ನಿಧಾನವಾಗಿ ಇಳಿಸಿದರು, ಜೊತೆಗೆ ರಕ್ತಪರೀಕ್ಷೆಯ ಕಾವಲಿನಲ್ಲಿ, ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಅಜಥಯೋಪ್ರಿನ್ ಮಾತ್ರೆ ಶುರುವಾಯಿತು. ಬೀಡಿ ಬಿಡಿಸಿದರು. ಕ್ರೋನ್ಸ್‌ಗೆ ತಂಬಾಕು ವೈರಿ.

ನಾನು ಹಳೆಯ ಸಂಖ್ಯೆಯಲ್ಲೇ ಪೂರಕ ವರದಿ ಬರೆದೆ. ಮೊದಲ ಬಯಾಪ್ಸಿಯಲ್ಲಿ ಓದಲು ಯೋಗ್ಯವಾಗಿದ್ದದ್ದು ಒಂದೇ ತುಣುಕು, ಗ್ರ್ಯಾನುಲೋಮಾಗಳ ಅಳತೆ ಇಷ್ಟು, ಅವು ಕ್ಷಯದ ಕಡೆಗಿಂತ ಕ್ರೋನ್ಸ್ ಕಡೆಗೆ ಹೆಚ್ಚು ಹೊಂದುತ್ತವೆ ಎಂದು. ಅಕ್ಕನನ್ನು ಕರೆಸಿ ಓದಿ ಹೇಳಿದೆ.

"ನಿಮ್ಮ ಪ್ರಶ್ನೆ ಸರಿಯಾಗಿತ್ತು ತಾಯಿ. ಮೊದಲ ಸಲ ನಾನು ಬರೆದದ್ದು ಅಂಗಾಂಶ ಹೇಳಿದ್ದಕ್ಕಿಂತ ಹೆಚ್ಚಾಗಿತ್ತು."

ಅವರು ಸಿಟ್ಟಾಗಲಿಲ್ಲ. ಅವರ ಚಿಂತೆ ಬೇರೆ ಇತ್ತು. "ಊರಲ್ಲಿ ಎಲ್ಲರೂ ಇವನಿಗೆ ಟಿಬಿ ಎಂದುಕೊಂಡಿದ್ದಾರೆ ಸಾರ್. ಹೆಣ್ಣು ಕೊಡುವವರೂ ಹಿಂದೆ ಸರಿದರು. ಇದು ಅಂಟುವ ಕಾಯಿಲೆ ಅಲ್ಲ ಎಂದು ಕನ್ನಡದಲ್ಲಿ ಒಂದು ಚೀಟಿ ಬರೆದು ಕೊಡುತ್ತೀರಾ?" ಬರೆದುಕೊಟ್ಟೆ. ಅಂಟುವುದಿಲ್ಲ, ಆದರೆ ಬಹುಕಾಲ ಔಷಧ ಬೇಕಾಗುತ್ತದೆ, ಹೇಳದೆ ಕೇಳದೆ ನಿಲ್ಲಿಸಬಾರದು ಎಂದೂ ಸೇರಿಸಿದೆ.

ಆ ನಂತರ ನಾನು ಮಾಡಿದ ಮೊದಲ ಕೆಲಸ ನಮ್ಮ ನಮೂನೆಯನ್ನು ಬದಲಿಸಿದ್ದು. ಎಷ್ಟು ದಿನದ ಕಾಯಿಲೆ, ಯಾವ ಯಾವ ಜಾಗದ ತುಣುಕು, ಈಗಾಗಲೇ ಟಿಬಿ ಔಷಧ ಅಥವಾ ಸ್ಟೀರಾಯ್ಡ್ ಕೊಟ್ಟಿದ್ದೀರಾ, ನೋವಿನ ಮಾತ್ರೆಗಳಿವೆಯೇ, ಭಗಂದರ ಆಗಿತ್ತೇ ಎಂಬ ಐದು ಪ್ರಶ್ನೆಗಳು ಸೇರಿದವು. ಚಿತ್ರದುರ್ಗ, ಚಳ್ಳಕೆರೆ, ಹರಿಹರದಿಂದ ಶೀಶೆ ಕಳುಹಿಸುವವರಿಗೆ ಅದನ್ನು ಹಂಚಿದೆವು. ಎಲ್ಲರೂ ತುಂಬುವುದಿಲ್ಲ. ತುಂಬದೆ ಬಂದ ದಿನ ನಾನೇ ಫೋನ್ ಮಾಡಿ ಕೇಳುತ್ತೇನೆ, ಕೇಳಿ ಆದ ಮೇಲೆ ಸ್ಲೈಡ್ ನೋಡುತ್ತೇನೆ.

ಎಂಟು ತಿಂಗಳ ನಂತರ ಆ ಯುವಕನ ಮೂರನೆಯ ಸುತ್ತಿನ ತುಣುಕುಗಳು ಬಂದವು. ಅವನ ತೂಕ 55 ಕಿಲೋ ಆಗಿತ್ತು. ಭಟ್ಟಿಯ ಕೆಲಸ ಬಿಟ್ಟು ಊರಿನ ಕಿರಾಣಿ ಅಂಗಡಿಯಲ್ಲಿ ಲೆಕ್ಕ ನೋಡುತ್ತಿದ್ದ. ಇಲಿಯಂನ ಸ್ಲೈಡನ್ನು ಮೊದಲು ಇಟ್ಟೆ. ವಿಲ್ಲೈಗಳು ಮತ್ತೆ ಎದ್ದು ನಿಂತಿದ್ದವು, ಗ್ರಂಥಿಗಳ ಗೋಡೆಯಲ್ಲಿ ಬಿಳಿ ರಕ್ತಕಣಗಳಿರಲಿಲ್ಲ. ಬುಡದಲ್ಲಿ ಪೈಲೋರಿಕ್ ಗ್ರಂಥಿಗಳು ಮಾತ್ರ ಹಳೆಯ ಜಾಗದಲ್ಲೇ ಇದ್ದವು. ಅದನ್ನೂ ವರದಿಯಲ್ಲಿ ಬರೆದೆ.